ಅಜ್ಜಿಯರ ಡಿಸ್ಕ್

ಚೋಮಾ ಪಟ್ಟಣದ ರೇಡಿಯೋ ಕೇಂದ್ರದಲ್ಲಿ ಅಲ್ಲಿನ ತಂತ್ರಜ್ಞ ಚೂಲ್ವೆ ಕಣ್ಣುಜ್ಜಿಕೊಂಡು ಅದೇ ಕಮಾಂಡ್ ಮತ್ತೆ ಟೈಪ್ ಮಾಡಿದ. ಕಂಪ್ಯೂಟರಿನ ಸಂಗ್ರಹವನ್ನು ಹಂಚಿ ಮಾಡಿದ್ದ ವರ್ಚುವಲ್ ಡಿಸ್ಕುಗಳಲ್ಲಿ ಯಾವುದಕ್ಕೆ ಎಷ್ಟು ಪ್ರತಿ ಇದೆಯೆಂದು ಕೇಳಿದ್ದಕ್ಕೆ ಪರದೆ ಮೂರನೇ ಸಲವೂ ಅದನ್ನೇ ಹೇಳಿತು: ಜಾಹೀರಾತಿನದಕ್ಕೆ ಮೂರು, ಅಜ್ಜಿಯರ ಹಾಡಿನದಕ್ಕೆ ಒಂದೇ. ಜಾಗ ಸಾಲದೆಂದು ಹಾಗೆ ಆರಿಸಿದ್ದವನು ಅವನೇ.

“ನಮ್ಮಮ್ಮನ ದನಿ ಇದೆಯೇನಪ್ಪಾ?” ಎಂದಳು ಎದುರಿಗೆ ಕೂತಿದ್ದ ಮುಟಿಂಟಾ. ತಾಯಿಯನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು.

“ಇದೆ ಅಕ್ಕಾ. ಕರೆಂಟು ಹೋಗೋದ್ರೊಳಗೆ ನಿಮ್ಮ ಫೋನಲ್ಲೂ ರೆಕಾರ್ಡ್ ಮಾಡ್ಕೊಳ್ಳಿ. ಈ ಹಳೇ ಡಿಸ್ಕನ್ನ ನಂಬೋ ಹಾಗಿಲ್ಲ.”

ಸ್ಪೀಕರಿನ ಪಕ್ಕ ಅವಳ ಫೋನಿಟ್ಟು ಹಾಡು ಹಾಕಿದ. ರೆಕಾರ್ಡಿಂಗಿನ ನಡುವೆ ಆ ಮುದಿ ತಾಯಿ ಹಾಡು ನಿಲ್ಲಿಸಿ ಕೇಳಿದಳು: “ಮಗಾ, ಇದು ಉಳಿಯುತ್ತಾ?”

ಹಿಂದೆಯೇ ಚೂಲ್ವೆಯದೇ ದನಿ, ಎರಡು ವರ್ಷ ಹಳೆಯದು, ಹುರುಪಿನದು: “ಮೂರು ಕಡೆ ಇಡ್ತೀನಿ ಅಜ್ಜಿ, ನೀವು ಹಾಡಿ.”