ಇಲ್ಲದ ಮಾಯಕ್ಕ

“ರಕ್ತ ಕೊಡಾಕ ಬಂದೀನ್ರಿ ಅಕ್ಕಾರ. ನಾ ಬೀರೇಶ. ಮಾಯಕ್ಕ ಯಾವ ವಾರ್ಡಿನ್ಯಾಗ ಅದಾಳ? ಇಲ್ಲಿ ಕೇಳಿದ್ರ ಯಾರಿಗೂ ಗೊತ್ತಿಲ್ಲ ಅಂತಾರ.”

ಮಹೇಕ ಫೋನ್ ಕಿವಿಗೊತ್ತಿಕೊಂಡೇ ಕಂಪ್ಯೂಟರಿನ ಪರದೆಯತ್ತ ತಿರುಗಿದಳು. ಬೀರೇಶ ನಿಂತಿದ್ದುದು ಖಾನಾಪುರದ ದವಾಖಾನೆಯಲ್ಲಿ. ಇವಳು ಕುಳಿತಿದ್ದುದು ಬೆಳಗಾವಿಯ ಹೊರವಲಯದ ಮಚ್ಛೆಯಲ್ಲಿ, ತನ್ನ ಆಫೀಸಿನಲ್ಲಿ. ಮಾಯಕ್ಕ ಎರಡೂ ಕಡೆ ಇರಲಿಲ್ಲ. ತುರ್ತಾಗಿ ರಕ್ತ ಬೇಕಾದಾಗ ಹತ್ತಿರದ ದಾನಿಗೆ ಸಂದೇಶ ಕಳಿಸುವ ಆ್ಯಪ್ ಒಂದನ್ನು ಪರೀಕ್ಷಿಸಲು ಮಹೇಕ ಒಬ್ಬ ರೋಗಿಯನ್ನು ಹುಟ್ಟಿಸಿ, ಖಾನಾಪುರದ ಆ ದವಾಖಾನೆಯ ಹೆಸರು ಹಾಕಿ, ಸಂಪರ್ಕಕ್ಕೆ ತನ್ನದೇ ನಂಬರ್ ಕೊಟ್ಟಿದ್ದಳು. ಪರೀಕ್ಷೆ ಮುಗಿದೊಡನೆ ಮಾಯವಾಗುವವಳಲ್ಲವೇ, ಅದಕ್ಕೇ ಮಾಯಕ್ಕ ಎಂದು ಹೆಸರಿಟ್ಟು ತಾನೇ ನಕ್ಕಿದ್ದಳು.

ಇಂಥ ಆಟವೆಲ್ಲ ನಡೆಯಬೇಕಾದದ್ದು ಕಂಟೇನರಿನೊಳಗೆ. ಕಂಪ್ಯೂಟರಿನಲ್ಲೇ ಕಟ್ಟಿದ ಬೇರೆ ಕೋಣೆ ಅದು. ಒಳಗೆ ಊರೇ ಮುಳುಗಿದರೂ ಹೊರಗಿನವರಿಗೆ ಹನಿ ತಾಗಬಾರದು. ಮಹೇಕ ಕೋಣೆಯನ್ನೇನೋ ಕಟ್ಟಿದ್ದಳು. ಆದರೆ ಸಂದೇಶ ಹೊರಗೆ ಹೋಗುವ ದಾರಿ ಮುಚ್ಚಿರಲಿಲ್ಲ, ಒಳಗೆ ಸುಳ್ಳು ನಂಬರುಗಳ ಬದಲು ನಿಜವಾದ ದಾನಿಗಳ ನಂಬರುಗಳನ್ನೇ ಜೋಡಿಸಿಬಿಟ್ಟಿದ್ದಳು.

ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ಇಶ್ತಿಯಾಕನಿಗೆ ಪರದೆ ನೋಡಿದೊಡನೆ ಎಲ್ಲ ತಿಳಿಯಿತು. “ರಕ್ತ ಸಿಕ್ಕೈತಿ, ಪೇಶಂಟ್ ಆರಾಮ ಅದಾಳ ಅಂತ ಹೇಳಿಬಿಡು,” ಎಂದು ಪಿಸುಗುಟ್ಟಿದ. “ಖರೇ ಹೇಳಿದ್ರ ಇನ್ನ ಯಾರೂ ನಮ್ಮ ಮೆಸೇಜ್ ನಂಬಂಗಿಲ್ಲ.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆ ಭಾಗದಲ್ಲಿ ಬೀರೇಶನಂಥ ಓ ನೆಗೆಟಿವ್ ರಕ್ತದ ದಾನಿಗಳು ಅವರಿಗೆ ಸಿಕ್ಕಿದ್ದೇ ಬೆರಳೆಣಿಕೆಯಷ್ಟು. ಒಬ್ಬ ಕೈಬಿಟ್ಟರೂ ನಾಳೆ ಯಾರದೋ ಜೀವಕ್ಕೆ ಕುತ್ತು. ಆದರೂ ಸುಳ್ಳು ರೋಗಿಗೆ ಸುಳ್ಳು ರಕ್ತವನ್ನೂ ಕೊಡಿಸಲು ಮಹೇಕಳಿಗೆ ನಾಲಿಗೆ ಏಳಲಿಲ್ಲ.

“ತಪ್ಪಾತ್ರಿ ಅಣ್ಣಾರ. ಅದು ಬರೇ ಟೆಸ್ಟ್ ಮೆಸೇಜ್. ನಿಮಗ ಬರಬಾರದಿತ್ತು. ಮಾಯಕ್ಕ ಇಲ್ಲರಿ.”

“ಇಲ್ಲ ಅನಬ್ಯಾಡ್ರಿ!” ಬೀರೇಶ ಥಟ್ಟನೆ ತಡೆದ. “ನಮ್ಮ ಅವ್ವನ ಹೆಸರೂ ಅದ ಐತಿ. ಆಕಿ ಮನ್ಯಾಗ ಆರಾಮ ಅದಾಳ ಖರೇ, ಆದ್ರೂ ಹೆಸರು ಓದಿ ಎದಿ ಧಸಕ್ ಅಂತು. ಕೆಲಸ ಬಿಟ್ಟು ಓಡಿ ಬಂದೆ.”

ಮಹೇಕ ಕಣ್ಣು ಮುಚ್ಚಿಕೊಂಡಳು. ಅವನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಇರ್ಲಿ ಬಿಡ್ರಿ, ಯಾರಿಗೂ ಏನೂ ಆಗಿಲ್ಲಲ್ಲ,” ಎಂದ ಬೀರೇಶ. ಮತ್ತೆ ಸಿಟ್ಟಿಲ್ಲದೆ ಕೇಳಿದ: “ಇನ್ನೊಮ್ಮೆ ಮೆಸೇಜ್ ಬಂದ್ರ, ಮೊದಲ ನಿಮಗ ಫೋನ್ ಹಚ್ಚಿ ಕೇಳ್ಬೇಕೋ, ದವಾಖಾನಿಗೆ ಓಡಬೇಕೋ?”