ಪಾಳೆಯಗಾರನ ಮುಡಿಪು

ಅರಿಸಿನ ಬಟ್ಟೆಯ ಗಂಟಿಗೆ ತಾರಾನಾಥರ ಉಗುರು ತಗುಲಿತ್ತು. ದೇವರ ಮುಂದಿನ ಆ ಮುಡಿಪಿನೊಳಗೆ, ಎಂಟುನೂರು ವರ್ಷಗಳ ಹಿಂದೆ ಜರ್ಮನಿಯ ಯಾವನೋ ಸಣ್ಣ ಪಾಳೆಯಗಾರ ಟಂಕಿಸಿದ ಬೆಳ್ಳಿನಾಣ್ಯವಿತ್ತು. ಒಣಗಿದ ಎಲೆಯಷ್ಟು ತೆಳುವಾದದ್ದು. ನೋಡಿ ಕೊಡುತ್ತೇನೆಂದು ಅವರೇ ಅದನ್ನು ಕಡ ತಂದಿದ್ದರು. ಅದರ ಒಡೆಯ ಗುಣಪಾಲರು ಈಗ ವಾಶಿಯ ತಮ್ಮ ಮನೆಯಿಂದ ಬಂದು ಹಾಲ್‌ನಲ್ಲಿ ಕುಳಿತಿದ್ದರು.

“ಬಿಚ್ಚಬೇಡಿ ಮಾರಾಯ್ರೆ,” ಹೆಂಡತಿ ಸುಗುಣಾ ಪಿಸುಗುಟ್ಟಿದರು. “ಅನುಷ್ಕಾಳ ಪ್ಲೇಟ್‌ಲೆಟ್ ಇಳಿಯಿತು ಅಂತ ಮಗ ಆಸ್ಪತ್ರೆಯಿಂದ ಹೇಳಿದಾಗ ಹರಕೆ ಹೊತ್ತದ್ದು. ಮನೆಯಲ್ಲಿ ಒಂದು ರೂಪಾಯಿ ಚಿಲ್ಲರೆ ಇರಲಿಲ್ಲ, ಎಲ್ಲ ಮೊಬೈಲಲ್ಲೇ ಅಲ್ವಾ? ನಿಮ್ಮ ಮೇಜಿನ ಮೇಲೆ ಇದಿತ್ತು, ಕಟ್ಟಿದೆ. ಮೊಮ್ಮಗಳು ಮನೆಗೆ ಬರುವ ಮೊದಲೇ ಬಿಚ್ಚಿದರೆ...”

“ತಾರಾನಾಥರೇ, ನಮ್ಮ ಪಾಳೆಯಗಾರ ನಿಮ್ಮಲ್ಲಿ ಮನೆಯಳಿಯನಾಗಿಬಿಟ್ಟನಾ ಹೇಗೆ? ಕಳಿಸಿಕೊಡಿ!” ಎಂದು ನಗುತ್ತ ಗುಣಪಾಲರು ದೇವರ ಕೋಣೆಯ ಬಾಗಿಲಿಗೇ ಬಂದರು.

ತಾರಾನಾಥರು ಬಾಳಿನುದ್ದಕ್ಕೂ ಹೆಂಡತಿಯ ಹರಕೆಗಳನ್ನು ಕಂಡು ನಕ್ಕವರು. ಈಗ ಅವರ ಉಗುರು ಗಂಟಿನ ಮೇಲೆಯೇ ನಿಂತಿತ್ತು. ಸ್ನೇಹಿತನ ವಸ್ತು, ಸ್ನೇಹಿತನಿಗೆ ಸೇರಬೇಕು ಎಂದುಕೊಂಡು ಉಗುರನ್ನು ಒಳಕ್ಕೆ ತೂರಿಸಿದರು. ಗಂಟು ತುಸು ಸಡಿಲವಾಯಿತು. ಅದೇ ಗಳಿಗೆಗೆ ಜೇಬಿನಲ್ಲಿ ಫೋನ್ ಮೊಳಗಿತು. ಆಸ್ಪತ್ರೆಯಿಂದ ಮಗ ಮನೀಶ. ಸುಗುಣಾ ಕಣ್ಣು ಮುಚ್ಚಿ ಗೋಡೆಗೆ ಒರಗಿದರು.

ತಾರಾನಾಥರು ಬಟ್ಟೆಯ ಎರಡೂ ತುದಿಗಳನ್ನು ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಗಂಟನ್ನು ಬಿಗಿದರು. ಒಳಗೆ ಬೆಳ್ಳಿ ಚಟ್ಟೆಂದು ಮುರಿದದ್ದು ಬಾಗಿಲಲ್ಲಿದ್ದ ಗುಣಪಾಲರಿಗೂ ಕೇಳಿಸಿತು. ಆಮೇಲೆಯೇ ತಾರಾನಾಥರು ಫೋನ್ ಎತ್ತಿಕೊಂಡದ್ದು.