ಬಾವಿಗಿಳಿಸುವ ನೂಲು

ಊರಿನ ಬಾವಿಗಳೊಳಗೆ ಕಡಲು ನುಗ್ಗತೊಡಗಿದ ಮೇಲೆ, ಪ್ರತಿ ಹುಣ್ಣಿಮೆಯ ಮರುದಿನ ಪಂಚಾಯಿತಿಯವರು ಸುಗುಣಳನ್ನು ಮನೆಮನೆಗೆ ಕಳಿಸುತ್ತಿದ್ದರು. ಅವಳು ಇಳಿಬಿಟ್ಟ ನೂಲು ನೀಲಿಯಾಗಿಯೇ ಉಳಿದರೆ ನೀರು ಕುಡಿಯಬಹುದು. ಉಪ್ಪು ತಗುಲಿ ಕೆಂಪಾದರೆ ಅಂದೇ ಬಾವಿಗೆ ಮಣ್ಣು ತುಂಬಿಸುತ್ತಾರೆ, ಮನೆಯವರು ವಾರದೊಳಗೆ ಊರು ಬಿಡಬೇಕು.

ಅಪ್ಪಿಯಕ್ಕನ ಮನೆಯವರೆಲ್ಲ ಬಾವಿಕಟ್ಟೆಯ ಸುತ್ತ ನಿಂತು ಸುಗುಣಳ ಕೈಯನ್ನೇ ನೋಡುತ್ತಿದ್ದರು. ನಾಲ್ಕು ಜನ ನೋಡಿದರೆ ಸಾಕು, ಅವಳಿಗೆ ಮಾತು ಹೊರಡುವುದಿಲ್ಲ.

"ಎಂತ ಮಾರಾಯ್ತಿ, ಹೆಣ್ಣು ನೋಡ್ಲಿಕ್ಕೆ ಬಂದವ್ರ ಎದುರು ನಿಂತ ಹಾಗೆ ನಿಂತಿದ್ದಿ?" ಎಂದಳು ಅಪ್ಪಿಯಕ್ಕ. "ನಮ್ಮ ನೀರು ಬೆಲ್ಲದ ಹಾಗುಂಟು. ಬೇಗ ಅದ್ದು."

ಸುಗುಣ ಡಬ್ಬಿಯಿಂದ ನೂಲು ತೆಗೆದು ಬೆರಳಿಗೆ ಸುತ್ತಿಕೊಂಡಳು. ಬಾವಿಗೆ ಬಗ್ಗುವ ಮೊದಲೇ ಬೆರಳಿನ ಬುಡದಿಂದ ನೂಲಿನುದ್ದಕ್ಕೂ ಕೆಂಪು ಮೆಲ್ಲಗೆ ಕೆಳಗಿಳಿಯತೊಡಗಿತು.

"ಕೆಂಪಾಯ್ತಾ?" ಅಪ್ಪಿಯಕ್ಕ ನೂಲಿನತ್ತ ಬಗ್ಗಿದಳು.

"ನೀರು ಮುಟ್ಟಲೇ ಇಲ್ಲ ಅಕ್ಕ. ಇದು ನನ್ನ ಕೈಬೆವರು."

ಅಪ್ಪಿಯಕ್ಕ ಉಸಿರು ಬಿಟ್ಟು ನಕ್ಕಳು. ಸುಗುಣಳಿಗೆ ನಗು ಬರಲಿಲ್ಲ. ಹೋದ ತಿಂಗಳು ಪಕ್ಕದ ಕೇರಿಯಲ್ಲಿ ಅವಳು ಕೆಂಪೆಂದು ಬರೆದುಕೊಟ್ಟ ಏಳು ಬಾವಿಗಳಿಗೆ ಮಣ್ಣು ಬಿದ್ದಾಗಿತ್ತು. ಅಲ್ಲಿಯೂ ಜನ ಹೀಗೆಯೇ ಸುತ್ತ ನಿಂತಿದ್ದರು. "ಸಿಹಿಯೇ ಉಂಟು ಮಗಾ, ಕುಡಿದು ನೋಡು" ಎಂದು ಒಬ್ಬ ಮುದುಕಿ ಚೊಂಬು ಹಿಡಿದು ಹಿಂದೆಯೇ ಬಂದಿದ್ದಳು. ಸುಗುಣ ಸಂಕೋಚದಿಂದ ತಲೆ ತಗ್ಗಿಸಿ, ಒಂದು ಗುಟುಕೂ ಕುಡಿಯದೆ ನಡೆದುಬಿಟ್ಟಿದ್ದಳು.